ಮಗಳ ಹಾಡಿಗಾಗಿ ಮೌನವಾದ ತಾಯಿ

ಮಕ್ಕಳು ತಮ್ಮನ್ನು ಮೀರಿ ಬೆಳೆಯಲೆಂದು ಬಯಸದ ತಾಯ್ತಂದೆಗಳು ಲೋಕದಲ್ಲಿ ವಿರಳ. ಮಗ್ಗದ ಮುಂದೆ ನಿಂತು ದುಡಿಯುವವನು ತನ್ನ ಮಗ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಲಿ ಎನ್ನುತ್ತಾನೆ. ನಮ್ಮಂಥ ಕಾರಕೂನರು ಮಗ ಸಾಹೇಬನಾಗಲಿ, ಮಗಳು ಡಾಕ್ಟರಳಾಗಲಿ ಎನ್ನುತ್ತೇವೆ. ಈ ಹಾರೈಕೆಗೆ ಹೆಚ್ಚಿನ ಎದೆಗಾರಿಕೆಯೇನೂ ಬೇಕಾಗಿಲ್ಲ. ಮಕ್ಕಳ ದಾರಿಯೇ ಬೇರೆ, ನಮ್ಮ ದಾರಿಯೇ ಬೇರೆ. ಅವರು ಎಷ್ಟು ಎತ್ತರಕ್ಕೆ ಏರಿದರೂ ನಮ್ಮ ಎತ್ತರವನ್ನು ಪಕ್ಕಕ್ಕಿಟ್ಟು ಅಳೆಯುವ ಪ್ರಸಂಗ ಬರುವುದಿಲ್ಲ.

ಆದರೆ ತಂದೆಗೆ ಪ್ರಿಯವಾದ ವಿದ್ಯೆಯೇ ಮಗನಿಗೂ ಪ್ರಿಯವಾದರೆ ಆಗ ಸಂಗತಿ ಬೇರೆಯಾಗುತ್ತದೆ. ಪಾಳಿ ಮುಗಿಸಿ ಬಂದ ತಂದೆ ಚಾಳಿನ ಗ್ಯಾಲರಿಯಲ್ಲಿ ಚದುರಂಗದ ಮಣೆ ಹಾಸುತ್ತಾನೆ; ಮಗನಿಗೆ ಕಾಯಿ ನಡೆಸುವುದನ್ನು ಕಲಿಸುತ್ತಾನೆ. ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಹುಡುಗ ತಂದೆಯ ರಾಜನನ್ನು ಅಲುಗದಂತೆ ಕಟ್ಟಿಹಾಕುತ್ತಾನೆ. ಶನಿವಾರದ ಭಜನೆಯಲ್ಲಿ ತಾಯಿ ಹೇಳಿಕೊಟ್ಟ ಪದವನ್ನು ಮಗಳು ತಾಯಿಗಿಂತ ಸೊಗಸಾಗಿ ಹಾಡುತ್ತಾಳೆ. ಸುತ್ತಲಿನವರು ತಲೆದೂಗುತ್ತಾರೆ. ತಾಯ್ತಂದೆಗಳ ಕಣ್ಣು ತುಂಬಿ ಬರುತ್ತದೆ. ಆದರೂ ಎದೆಯ ಒಂದು ಮೂಲೆಯಲ್ಲಿ ಸಣ್ಣ ಕಸಿವಿಸಿ ಇರುವುದುಂಟು. "ಇಷ್ಟು ದಿನ ಇದು ನನ್ನದಾಗಿತ್ತು" ಎನ್ನುವ ಭಾವನೆ ಅದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಮನುಷ್ಯ ಸ್ವಭಾವವೇ ಹಾಗೆ. ಊರೆಲ್ಲ ಗೆದ್ದವನು ಸಹ ತನ್ನ ಮಕ್ಕಳ ಕೈಯಲ್ಲಿ ಮಾತ್ರ ಸೋಲಲು ಹಾರೈಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು, ಹಾಗೆ ಸೋಲುವುದು ಸುಲಭವಲ್ಲವೆಂದು ಅವರಿಗೂ ತಿಳಿದಿದ್ದರಿಂದಲೇ ಇರಬೇಕು.

ಹೀಗಿರುವಾಗ, ಮಗುವು ತನ್ನದೇ ವಿದ್ಯೆಯಲ್ಲಿ ತನ್ನನ್ನು ದಾಟಿ ಹೋಗುವಂತೆ ಮಾಡಲು ತಾಯಿಯೊಬ್ಬಳು ಏನು ಮಾಡಬೇಕಾಗುತ್ತದೆ? ಅದಕ್ಕೆ ಅವಳು ತೆರುವ ಬೆಲೆ ಎಷ್ಟು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಮಗಳ ಹೆಸರು ದೇಶಕ್ಕೆಲ್ಲ ಗೊತ್ತು; ತಾಯಿಯ ಹೆಸರು ಬಲ್ಲವರು ಕಡಿಮೆ. ಮಗಳು ಗಂಗೂಬಾಯಿ ಹಾನಗಲ್ಲರು, ತಾಯಿ ಅಂಬಾಬಾಯಿಯವರು.

ಗಂಗೂಬಾಯಿಯವರು ಹುಟ್ಟಿದ್ದು 1913ನೆಯ ಇಸವಿ ಮಾರ್ಚ್ 5ರಂದು, ಧಾರವಾಡದಲ್ಲಿ. ಅಜ್ಜಿ ಕಮಲಾಬಾಯಿಯವರೂ ಹಾಡುತ್ತಿದ್ದರು; ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಹಾಡುವ ಹೆಂಗಸನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲವದು. ಅವಳ ಹಾಡಿಗೆ ತಲೆದೂಗಿದವರೇ ಹೊರಗೆ ಬಂದು ಅವಳ ಮನೆತನದ ಬಗ್ಗೆ ಹಗುರಾಗಿ ಮಾತಾಡುತ್ತಿದ್ದರು. ಇಂಥ ದಿನಗಳಲ್ಲಿಯೂ ಅಂಬಾಬಾಯಿಯವರ ಹಾಡಿಕೆಗೆ ಎಂಥ ಗೌರವವಿತ್ತೆಂದರೆ, ಕಿರಾಣಾ ಘರಾಣೆಯ ಮಹಾಗಾಯಕ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಧಾರವಾಡಕ್ಕೆ ಬಂದಾಗ ಅವರ ಮನೆಗೆ ಬಂದು ಕೇಳಿ ಹೋಗುತ್ತಿದ್ದರು. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಂಬಾಬಾಯಿಯವರು ಬಿಟ್ಟುಕೊಟ್ಟಿದ್ದು ಬೆಲೆಬಾಳುವ ವಸ್ತುವನ್ನು; ಕೈಲಾಗದವರು ಬಿಟ್ಟಂತೆ ಅಲ್ಲ.

ಧಾರವಾಡ ಸೀಮೆಯಲ್ಲಿ ಎರಡು ಸಂಗೀತಗಳು ಹೇಗೆ ಕೂಡಿದವೆಂಬುದನ್ನು ಇಲ್ಲಿ ಹೇಳಬೇಕಾಗುತ್ತದೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆ, ಮಿರಜಗಳ ಕಡೆಯಿಂದ ಮರಾಠಿ ನಾಟಕ ಕಂಪನಿಗಳು ಬರುತ್ತಿದ್ದವು. ಅವುಗಳ ಜತೆಗೆ ಹಿಂದುಸ್ತಾನಿ ರಾಗಗಳೂ ಬಂದವು. ಮೈಸೂರಿನ ಅರಮನೆಯ ಆಹ್ವಾನದ ಮೇಲೆ ಉತ್ತರದಿಂದ ಹೊರಟ ಉಸ್ತಾದರಿಗೆ ಹುಬ್ಬಳ್ಳಿ-ಧಾರವಾಡಗಳು ದಾರಿಯ ಮೇಲಿನ ಊರುಗಳು. ದಕ್ಷಿಣದ ಕೃತಿಗಳು ಮೊದಲಿನಿಂದಲೂ ಇದ್ದವು. ಹೀಗಾಗಿ ಒಂದೇ ಓಣಿಯಲ್ಲಿ ಒಂದು ಮನೆಯಿಂದ ಕೀರ್ತನೆ, ಇನ್ನೊಂದು ಮನೆಯಿಂದ ಖಯಾಲು ಕೇಳಿಬರುವುದು ಅಲ್ಲಿ ಸಾಧ್ಯವಿತ್ತು. ಬಾಲಕಿ ಗಂಗೂ ಮನೆಯಲ್ಲಿ ತಾಯಿಯ ಕರ್ನಾಟಕ ಸಂಗೀತ ಕೇಳುತ್ತಿದ್ದಳು. ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಓಡಿಹೋಗಿ ನಿಲ್ಲುತ್ತಿದ್ದಳು. ಆ ತಟ್ಟೆಗಳಿಂದ ಬರುತ್ತಿದ್ದುದು ಹಿಂದುಸ್ತಾನಿ ಹಾಡು. ಮಗುವಿನ ಒಲವು ಆ ಕಡೆಗೆ ಹರಿಯಿತು.

ತಾಯಿ ಇದನ್ನು ಗಮನಿಸಿದರು. "ನಮ್ಮ ಮನೆಯ ವಿದ್ಯೆ ಇರುವಾಗ ಅದೇಕೆ?" ಎಂದು ಅವರು ಕೇಳಬಹುದಾಗಿತ್ತು. ಹಾಗೆ ಕೇಳಲಿಲ್ಲ. ಮಗಳಿಗೆ ಹಿಂದುಸ್ತಾನಿ ಪಾಠವನ್ನೇ ಹೇಳಿಸಲು ನಿಶ್ಚಯಿಸಿದರು. ಅಷ್ಟೇ ಅಲ್ಲ, ಮಗಳ ಕಲಿಕೆಗೆ ತನ್ನ ಹಾಡಿನಿಂದ ಅಡ್ಡಿಯಾಗಬಾರದೆಂದು ತಾವು ಕರ್ನಾಟಕ ಸಂಗೀತ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಒಬ್ಬರು ಹಾಡಿದರೆ ಇನ್ನೊಬ್ಬರ ಹಾಡು ಕೆಡುತ್ತದೆಯೇ ಎಂದು ಸಂಗೀತದ ಪರಿಚಯವಿಲ್ಲದ ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಇದು. ಎರಡು ಪದ್ಧತಿಗಳಿಗೂ ಏಳು ಸ್ವರಗಳೇ ಆಧಾರ; ಆದರೆ ಆ ಸ್ವರಗಳನ್ನು ನಡೆಸುವ ರೀತಿ ಬೇರೆ. ಕರ್ನಾಟಕ ಸಂಗೀತದಲ್ಲಿ ಅನೇಕ ಸ್ವರಗಳು ಗಮಕದಿಂದ ತೂಗುತ್ತವೆ. ಆ ತೂಗಾಟವಿಲ್ಲದೆ ರಾಗದ ರೂಪವೇ ಮೂಡುವುದಿಲ್ಲ. ವಾಗ್ಗೇಯಕಾರರು ರಚಿಸಿದ ಕೃತಿ ಅಲ್ಲಿ ಕಚೇರಿಯ ಬೆನ್ನೆಲುಬು. ಹಿಂದುಸ್ತಾನಿ ಖಯಾಲಿನಲ್ಲಿ, ಅದರಲ್ಲಿಯೂ ಕಿರಾಣಾ ಘರಾಣೆಯಲ್ಲಿ, ಒಂದು ಸ್ವರದ ಮೇಲೆ ಅಲುಗದೆ ನಿಂತು ಅದರ ಸ್ಥಾನವನ್ನು ಖಚಿತಪಡಿಸಿ, ಅನಂತರ ಮುಂದಿನ ಸ್ವರಕ್ಕೆ ಮೆಲ್ಲಗೆ ಏರಬೇಕು. ಬಂದಿಶಿನ ಮಾತುಗಳು ಎರಡು ಸಾಲಿನಷ್ಟು. ಉಳಿದುದೆಲ್ಲ ರಾಗದ ವಿಸ್ತಾರ. ಒಂದು ಕಡೆ ತೂಗಬೇಕಾದ ಸ್ವರ ಇನ್ನೊಂದು ಕಡೆ ನಿಲ್ಲಬೇಕು.

ಹೆಸರುಗಳಲ್ಲಿಯೂ ತೊಡಕಿದೆ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳನ್ನು ಹಿಂದುಸ್ತಾನಿಯವರು ಭೈರವಿ ಎನ್ನುತ್ತಾರೆ. ಹಿಂದುಸ್ತಾನಿಯ ತೋಡಿಗೆ ಹತ್ತಿರವಾದುದು ದಕ್ಷಿಣದ ಶುಭಪಂತುವರಾಳಿ. ದಕ್ಷಿಣದ ಹಿಂದೋಳದ ಸ್ವರಗಳು ಉತ್ತರದಲ್ಲಿ ಮಾಲಕೌಂಸ್ ಎನಿಸುತ್ತವೆ. ಉತ್ತರದ ಹಿಂದೋಲವೇ ಬೇರೊಂದು ರಾಗ. ತಾಯಿ ಅಡುಗೆಮನೆಯಲ್ಲಿ ತೋಡಿ ಗುನುಗುತ್ತಿದ್ದರೆ, ಹೊರಗೆ ಗುರುಗಳ ಮುಂದೆ ಕುಳಿತ ಮಗಳ ಕಿವಿಗೆ ಬೀಳುವುದು ಯಾವ ತೋಡಿ?

ಬಲಿತ ಕಲಾವಿದನಿಗೆ ಇದರಿಂದ ತೊಂದರೆಯಿಲ್ಲ. ಸ್ವತಃ ಅಬ್ದುಲ್ ಕರೀಮ್ ಖಾನರು ದಕ್ಷಿಣದ ಸಂಗೀತಕ್ಕೆ ಮಾರುಹೋಗಿದ್ದವರು. ಅವರ ಹಾಡಿಕೆಯ ಸ್ವರಪ್ರಸ್ತಾರದಲ್ಲಿ ಅದರ ಪ್ರಭಾವವಿದೆ. ತ್ಯಾಗರಾಜರ ಕೃತಿಯನ್ನು ಸಹ ಅವರು ಧ್ವನಿಮುದ್ರಿಸಿದ್ದಾರೆ. ಆದರೆ ಅವರು ತಮ್ಮ ಮನೆಯ ಗೋಡೆ ಭದ್ರವಾದ ಮೇಲೆ ಪಕ್ಕದ ಮನೆಯ ಕಿಟಕಿ ತೆರೆದವರು. ಎಳೆಯ ಕಂಠದ ಮಾತು ಹಾಗಲ್ಲ. ಮಗು ಕಲಿಯುವುದು ಬುದ್ಧಿಯಿಂದಲ್ಲ, ಕಿವಿಯಿಂದ. ಮನೆಯಲ್ಲಿ ದಿನವೂ ಕೇಳಿದ್ದು ಕೇಳದಂತೆಯೇ ಗಂಟಲಿಗೆ ಇಳಿಯುತ್ತದೆ. ತಾಯಿಯ ದನಿಗಿಂತ ಬಲವಾದ ದನಿ ಮಗುವಿಗೆ ಬೇರೊಂದಿಲ್ಲ. ಆದುದರಿಂದಲೇ ಆ ದನಿ ತಡೆಯಬೇಕಾಯಿತು. ಅಂಬಾಬಾಯಿಯವರು ವಿದ್ಯೆ ಬಲ್ಲವರಾಗಿದ್ದುದರಿಂದಲೇ ಇದನ್ನು ಅರಿತರು. ಅರಿಯದ ತಾಯಿಯಾಗಿದ್ದರೆ ಪ್ರೀತಿಯಿಂದಲೇ ಹಾಡುತ್ತ ಹೋಗಿ, ತಿಳಿಯದೆ ಮಗಳ ದಾರಿಯನ್ನು ಕಟ್ಟುತ್ತಿದ್ದರು.

ಸುಮ್ಮನಾದ ಮಾತ್ರಕ್ಕೆ ಮಗಳು ಗಾಯಕಿಯಾಗುವುದಿಲ್ಲ. ಬಿಟ್ಟುಕೊಟ್ಟವರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂ ಸಹ ಇದ್ದಳು. 1928ರಲ್ಲಿ ಮಗಳ ಸಂಗೀತದ ಸಲುವಾಗಿ ಸಂಸಾರವೇ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ, ಬೇರೂರಿದ ಮನೆಯನ್ನು ಕಿತ್ತು ಇನ್ನೊಂದು ಊರಿನಲ್ಲಿ ಹೂಡುವುದೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿ, ಅನಂತರ ದತ್ತೋಪಂತ ದೇಸಾಯರಲ್ಲಿ ಪಾಠವಾಯಿತು. ಮುಂದೆ ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಗುರುಗಳಾಗಿ ದೊರೆತರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಪಾಠಕ್ಕೆ ಹೋಗುವ ಹೆಣ್ಣುಮಗಳನ್ನು ಕಂಡು ಓಣಿಯಲ್ಲಿ ಹಂಗಿಸುವವರಿದ್ದರು, ಅದನ್ನೂ ನುಂಗಿಕೊಂಡರು.

ಜಿಪುಣನು ಹಣವನ್ನು ಎಣಿಸಿ ಎಣಿಸಿ ತೆಗೆಯುವಂತೆ ಸ್ವರಗಳನ್ನು ಬಳಸಬೇಕೆಂದು ಗುರುಗಳು ಕಲಿಸಿದ್ದನ್ನು ಗಂಗೂಬಾಯಿಯವರು ಮುಂದೆ ನೆನೆಯುತ್ತಿದ್ದರು. ತಿಂಗಳ ಸಂಬಳವನ್ನು ಹಾಗೆಯೇ ಎಣಿಸುವ ನಮಗೆ ಈ ಉಪಮೆ ಬಹಳ ಬೇಗ ತಿಳಿಯುತ್ತದೆ! ಒಂದೇ ಸ್ವರದಲ್ಲಿ ಇಷ್ಟು ಹೊತ್ತು ನಿಲ್ಲುವ ಈ ಶಿಸ್ತು, ಬಾಲ್ಯದಲ್ಲಿ ಇನ್ನೊಂದು ಪದ್ಧತಿಯ ತೂಗಾಟ ಗಂಟಲಲ್ಲಿ ಉಳಿದಿದ್ದರೆ ಕೈಗೂಡುವುದು ಕಷ್ಟವಾಗುತ್ತಿತ್ತೆಂದು ನಾವು ತಿಳಿಯಬಹುದು. ತಾಯಿಯ ಮೌನದ ಪ್ರಯೋಜನ ಇಲ್ಲಿ ಕಂಡಿತು.

ಆದರೆ ತಾಯಿ ಅದನ್ನು ಕಣ್ಣಾರೆ ನೋಡಲಿಲ್ಲ. 1930ರ ದಶಕದ ಆರಂಭದಲ್ಲಿ, ಮಗಳ ಹೆಸರು ದೇಶಕ್ಕೆ ತಿಳಿಯುವ ಮೊದಲೇ, ಅಂಬಾಬಾಯಿಯವರು ತೀರಿಕೊಂಡರು. ಗ್ರಾಮಫೋನ್ ತಟ್ಟೆಗಳ ಮೇಲೆ ಮೊದಮೊದಲು "ಗಾಂಧಾರಿ" ಎಂದು ಅಚ್ಚಾದ ಆ ಹೆಸರು ಮುಂದೆ ಮುಂಬಯಿ, ಪುಣೆಗಳ ಸಂಗೀತ ಸಭೆಗಳಲ್ಲಿ, ಆಕಾಶವಾಣಿಯಲ್ಲಿ ಮನೆಮಾತಾಯಿತು. ಗಂಟಲಿನ ಬೇನೆಯ ತರುವಾಯ ದನಿ ತಗ್ಗಿ ಗಡುಸಾದಾಗ ಹಾಡಿಕೆ ಮುಗಿಯಿತೆಂದು ಕೈಚೆಲ್ಲದೆ, ಆ ಗಡುಸು ದನಿಯನ್ನೇ ತಮ್ಮ ಗುರುತಾಗಿ ಮಾಡಿಕೊಂಡರು. ತೆರೆಮರೆಯಲ್ಲಿ ಕೇಳಿದವರು ಗಂಡಸಿನ ದನಿಯೆಂದು ಭ್ರಮಿಸುವಷ್ಟು ಘನವಾದ ಕಂಠವದು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಬಂದವು. 2009ನೆಯ ಜುಲೈ 21ರಂದು ಹುಬ್ಬಳ್ಳಿಯಲ್ಲಿ 96ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕರ್ನಾಟಕ ಸಂಗೀತದ ತವರಾದ ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಈ ಹಿಂದುಸ್ತಾನಿ ಗಾಯಕಿಯ ಹೆಸರಿದೆ.

ಇದೆಲ್ಲ ಬಂದಾಗ ಹೆಮ್ಮೆಪಡಲು ತಾಯಿ ಇರಲಿಲ್ಲ. ಹಾಗಾದರೆ ಅವರಿಗೆ ಹೆಮ್ಮೆಯ ಗಳಿಗೆ ಬರಲೇ ಇಲ್ಲವೆನ್ನೋಣವೇ? ನಮಗೆ ಹಾಗೆ ತೋರುವುದಿಲ್ಲ. ಪ್ರಶಸ್ತಿ ಬಂದ ಮೇಲೆ ಹೆಮ್ಮೆಪಡುವುದು ನೆರೆಹೊರೆಯವರಿಗೂ ಸಾಧ್ಯ. ಇನ್ನೂ ಏನೂ ಆಗದಿರುವಾಗ, ಫಲ ಬರುವುದೋ ಇಲ್ಲವೋ ತಿಳಿಯದಿರುವಾಗ, ತನ್ನ ಕೈಯಲ್ಲಿದ್ದುದನ್ನು ಕೆಳಗಿಟ್ಟು ಮಗುವಿಗೆ ದಾರಿ ಮಾಡುವುದು ತಾಯಿಯ ಹೆಮ್ಮೆ. ಅದು ಮುಂಗಡವಾಗಿ ಕೊಟ್ಟ ಹಣದಂತೆ. ಜಮೆಯಾಗುವ ದಿನ ಕೊಟ್ಟವರು ಇರುತ್ತಾರೆಂಬ ಭರವಸೆಯಿಲ್ಲ.

ಹಾಗೆಂದು ಎಲ್ಲ ತಾಯ್ತಂದೆಗಳೂ ತಮ್ಮ ವಿದ್ಯೆಯನ್ನು ಬಿಟ್ಟುಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬಿಡಬೇಕೋ ಬೇಡವೋ ಎಂಬುದು ಆ ವಿದ್ಯೆಯ ಸ್ವಭಾವವನ್ನು ಅವಲಂಬಿಸಿದೆ. ಇದಕ್ಕೆ ಇನ್ನೊಂದು ಬಗೆಯ ನಿದರ್ಶನ, ಆಟದ ಕ್ಷೇತ್ರದ್ದು, ಬೆಂಗಳೂರಿನಲ್ಲಿದೆ.

ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಹೆಸರನ್ನು ಕೇಳದವರಿಲ್ಲ. ಅವರ ತಂದೆ ರಮೇಶ್ ಪಡುಕೋಣೆಯವರು ಈ ಆಟಕ್ಕೆ ಮನಸೋತವರು. ಮೈಸೂರು ಬ್ಯಾಡ್ಮಿಂಟನ್ ಸಂಘದ ಕಾರ್ಯದರ್ಶಿಯಾಗಿ ಅನೇಕ ವರ್ಷ ದುಡಿದವರು. ಮಗನಿಗೆ ಆಟದ ಪರಿಚಯ ಮಾಡಿಸಿದವರೂ ಅವರೇ. ಆಗ ಬೆಂಗಳೂರಿನಲ್ಲಿ ಈಗಿನಂತೆ ಒಳಾಂಗಣದ ಕೋರ್ಟುಗಳು ಇರಲಿಲ್ಲ. ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಘದ ಕಲ್ಯಾಣಮಂಟಪವಿತ್ತು, ಅದೇ ಕೋರ್ಟು. ಲಗ್ನವಿದ್ದ ದಿನ ಆಟವಿಲ್ಲ, ಲಗ್ನವಿಲ್ಲದ ದಿನ ಆಟ! ಶಾಲೆ ಬಿಟ್ಟೊಡನೆ, ಇಂದು ಮಂಟಪ ಖಾಲಿಯಿದೆಯೇ ಎಂದು ಹುಡುಗರು ಕಾಯುತ್ತಿದ್ದರು.

ಪ್ರಕಾಶರು 1955ರಲ್ಲಿ ಹುಟ್ಟಿದವರು. 1962ರಲ್ಲಿ ರಾಜ್ಯ ಕಿರಿಯರ ಪಂದ್ಯಾಟದಲ್ಲಿ ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳ ಅನಂತರ ಅದೇ ಪ್ರಶಸ್ತಿಯನ್ನು ಗೆದ್ದರು. 1971ರಲ್ಲಿ ರಾಷ್ಟ್ರದ ಕಿರಿಯರ ಮತ್ತು ಹಿರಿಯರ ಪ್ರಶಸ್ತಿಗಳೆರಡನ್ನೂ ಒಂದೇ ವರ್ಷದಲ್ಲಿ ಪಡೆದರು. 1971ರಿಂದ 1979ರವರೆಗೆ ಒಂಬತ್ತು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಅವರದಾಗಿತ್ತು. 1980ರಲ್ಲಿ ಇಂಗ್ಲೆಂಡಿನ ಆಲ್ ಇಂಗ್ಲೆಂಡ್ ಪಂದ್ಯಾಟದ ಕೊನೆಯ ಸುತ್ತಿನಲ್ಲಿ ಇಂಡೋನೇಷಿಯದ ಲಿಯೆಮ್ ಸ್ವೀ ಕಿಂಗರನ್ನು ಸೋಲಿಸಿ, ಆ ಪ್ರಶಸ್ತಿ ಗೆದ್ದ ಮೊದಲನೆಯ ಭಾರತೀಯರೆನಿಸಿದರು.

ಇಲ್ಲಿ ತಂದೆ ತಮ್ಮ ಆಸಕ್ತಿಯನ್ನು ಬಿಡಬೇಕಾಗಲಿಲ್ಲ. ಅದನ್ನೇ ಹೆಚ್ಚಿಸಿಕೊಂಡರು. ಆಟಕ್ಕೆ ಮಂಟಪ ಬೇಕು, ಜತೆಯ ಆಟಗಾರರು ಬೇಕು, ಪಂದ್ಯಗಳು ನಡೆಯಬೇಕು, ಪಂದ್ಯ ನಡೆಸಲು ಸಂಘ ಬೇಕು. ಆ ಸಂಘದ ಕಾಗದಪತ್ರದ ಕೆಲಸವನ್ನು ಯಾರಾದರೂ ಕುಳಿತು ಮಾಡಬೇಕು. ಅದು ತಂದೆಯ ಪಾಲಿಗೆ ಬಂದಿತು. ಅದರಿಂದ ತಮ್ಮ ಮಗನಿಗಷ್ಟೇ ಅಲ್ಲ, ಇತರರ ಮಕ್ಕಳಿಗೂ ದಾರಿಯಾಯಿತು. ಒಂದು ಸಂಘದ ಲಗ್ನದ ಮಂಟಪದಿಂದ ಲಂಡನ್ನಿನವರೆಗೆ ಹೋದ ಈ ದಾರಿಯನ್ನು, ಸಣ್ಣ ಸಂಘಗಳನ್ನು ಹೇಗೋ ನಡೆಸಿಕೊಂಡು ಬರುವ ನಮ್ಮಂಥವರು ಆಗಾಗ ನೆನೆಯುವುದು ಒಳ್ಳೆಯದು.

ಹೀಗೆ ಒಬ್ಬರು ಬಿಟ್ಟರು, ಒಬ್ಬರು ಕಟ್ಟಿದರು. ಎಲ್ಲಿ ನಮ್ಮ ರೀತಿಯು ಮಗುವಿನ ರೀತಿಯನ್ನು ಬೇರೆ ಕಡೆಗೆ ಎಳೆಯುತ್ತದೆಯೋ ಅಲ್ಲಿ ನಾವು ಸರಿದು ನಿಲ್ಲಬೇಕು. ಎಲ್ಲಿ ದಾರಿ ಒಂದೇ ಆಗಿ ಮಗುವಿಗೆ ನೆಲೆ ಮಾತ್ರ ಸಾಲದಾಗಿದೆಯೋ ಅಲ್ಲಿ ನೆಲೆಯನ್ನು ಕಟ್ಟಿಕೊಡಬೇಕು. ಇವೆರಡನ್ನೂ ತಿರುವುಮುರುವು ಮಾಡಿದರೆ ಹಾನಿ. ಅಂಬಾಬಾಯಿಯವರು ಹಟದಿಂದ ತಮ್ಮ ಪದ್ಧತಿಯನ್ನೇ ಕಲಿಸಿದ್ದರೆ ಒಲವಿಲ್ಲದ ಒಬ್ಬ ಗಾಯಕಿ ಆಗುತ್ತಿದ್ದಳೋ ಏನೋ. ರಮೇಶ್ ಪಡುಕೋಣೆಯವರು ಆಟದಿಂದಲೇ ದೂರ ಸರಿದಿದ್ದರೆ ಹುಡುಗನ ಕೈಗೆ ರ‍್ಯಾಕೆಟ್ಟನ್ನು ಯಾರು ಕೊಡುತ್ತಿದ್ದರು?

ಮೂರನೆಯ ಬಗೆಯೊಂದಿದೆ, ಅದು ಗಂಗೂಬಾಯಿಯವರ ಮನೆಯಲ್ಲಿಯೇ ಇದೆ. ಅವರ ಮಗಳು ಕೃಷ್ಣಾ ಹಾನಗಲ್ ಸಹ ಗಾಯಕಿಯೇ. ಅನೇಕ ದಶಕಗಳ ಕಾಲ ಕೃಷ್ಣಾ ಅವರು ತಾಯಿಯ ಜತೆಗೆ ವೇದಿಕೆಯ ಮೇಲೆ ಕುಳಿತು ದನಿಗೂಡಿಸಿದರು. 2004ರಲ್ಲಿ, ತಾಯಿ ಇನ್ನೂ ಇರುವಾಗಲೇ, ಕ್ಯಾನ್ಸರಿನಿಂದ ತೀರಿಕೊಂಡರು. ಮಗಳು ತಾಯಿಯನ್ನು ಮೀರಿಸಲಿಲ್ಲವೆಂದು ತೂಕದ ಮಾತನಾಡುವವರುಂಟು. ಆದರೆ ತಾಯಿಯ ಹಾಡಿಗೆ ಹೆಗಲು ಕೊಟ್ಟು ನಿಂತ ಬಾಳನ್ನು ಕಡಿಮೆಯೆನ್ನಲು ನಮಗೆ ಮನಸ್ಸಾಗದು. ಒಂದು ತಲೆಮಾರಿನಲ್ಲಿ ತಾಯಿ ಮಗಳಿಗಾಗಿ ಸುಮ್ಮನಾದರು. ಇನ್ನೊಂದು ತಲೆಮಾರಿನಲ್ಲಿ ಮಗಳು ತಾಯಿಯ ಜತೆಗೆ ಹಾಡಿದರು. ಮೀರಿಸುವುದೇ ಗುರಿಯಾಗಿ ಮಕ್ಕಳನ್ನು ಹಿಂಡುವ ತಾಯ್ತಂದೆಗಳು ಇದನ್ನು ಗಮನಿಸಬೇಕು. ಮಗು ನಮ್ಮನ್ನು ದಾಟಿದರೆ ಸಂತೋಷ. ದಾಟದಿದ್ದರೆ ಜತೆಯಲ್ಲಿ ನಡೆಯಿತೆಂಬ ಸಂತೋಷ ಕಡಿಮೆಯದೇನೂ ಅಲ್ಲ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹಳ ಜನಕ್ಕೆ ಒಂದಲ್ಲ ಒಂದು ಗೀಳು ಇದೆ. ಒಬ್ಬರಿಗೆ ಹಾರ್ಮೋನಿಯಂ, ಒಬ್ಬರಿಗೆ ಯಕ್ಷಗಾನದ ಅರ್ಥಗಾರಿಕೆ, ಒಬ್ಬರಿಗೆ ಕೇರಂ, ಇನ್ನೊಬ್ಬರಿಗೆ ಚಿತ್ರ ಬರೆಯುವ ಹವ್ಯಾಸ. ಹಗಲೆಲ್ಲ ದುಡಿದು ರಾತ್ರಿ ಒಂದು ಗಳಿಗೆ ಉಳಿಸಿಕೊಂಡ ಸುಖವದು. ಆ ಒಂದು ಗಳಿಗೆಯೊಳಗೂ ಮಗು ನುಗ್ಗಿ ಬಂದು ನಮಗಿಂತ ಚೆನ್ನಾಗಿ ಮಾಡತೊಡಗಿದಾಗ ಮನಸ್ಸು ಎರಡಾಗುವುದು ಸಹಜ. ಆಗ ಕೆಲವು ಸಂಗತಿಗಳನ್ನು ನೋಡಿಕೊಳ್ಳಬಹುದು.

ಮೊದಲನೆಯದಾಗಿ, ಮಗುವಿನ ಒಲವು ನಿಜವಾಗಿ ಯಾವ ಕಡೆಗಿದೆ ಎಂದು ಕೆಲವು ತಿಂಗಳು ಸುಮ್ಮನೆ ಗಮನಿಸಬೇಕು. ತಂದೆ ತಬಲ ಬಾರಿಸಿದರೆ ಮಗ ಕೊಳಲಿನ ಕಡೆ ನೋಡುತ್ತಿರಬಹುದು. ಎರಡನೆಯದಾಗಿ, ನಮ್ಮ ತಿಳಿವಳಿಕೆ ಮುಗಿಯುವ ಜಾಗ ನಮಗೆ ಗೊತ್ತಿರಬೇಕು. ಅಲ್ಲಿಗೆ ಬಂದೊಡನೆ ಮಗುವನ್ನು ನಮಗಿಂತ ಬಲ್ಲವರ ಕೈಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ "ನಾನು ಹೇಳಿಕೊಟ್ಟದ್ದು ಹೀಗಲ್ಲ" ಎಂದು ಮನೆಯಲ್ಲಿ ಎರಡನೆಯ ಪಾಠ ಶುರುಮಾಡಬಾರದು. ಗುರುವಿನ ಪಾಠ ಒಂದು, ತಂದೆಯ ಪಾಠ ಇನ್ನೊಂದು ಆದರೆ ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಮೂರನೆಯದಾಗಿ, ಒಂದೇ ಖೋಲಿಯ ಸಂಸಾರದಲ್ಲಿ ಮಗುವಿಗೆ ಅಭ್ಯಾಸದ ಹೊತ್ತನ್ನೂ ಜಾಗವನ್ನೂ ಗೊತ್ತುಮಾಡಿ ಕೊಡಬೇಕು. ಆ ಹೊತ್ತಿನಲ್ಲಿ ನಾವು ಗ್ಯಾಲರಿಗೆ ಹೋಗಿ ನಿಲ್ಲಬೇಕಾಗಬಹುದು, ರೇಡಿಯೋ, ಟಿ.ವಿ.ಗಳನ್ನು ಮುಚ್ಚಬೇಕಾಗಬಹುದು. ಇದೂ ಒಂದು ತ್ಯಾಗವೇ, ಸಣ್ಣದು. ದಿನವೂ ಮಾಡಬೇಕಾದುದರಿಂದ ಅಷ್ಟೇನೂ ಸಣ್ಣದಲ್ಲ.

ಕೊನೆಯದಾಗಿ, ಬಿಟ್ಟುಕೊಟ್ಟುದನ್ನು ಮಗುವಿನ ಮುಂದೆ ಎಣಿಸಿ ತೋರಿಸಬಾರದು. "ನಿನಗಾಗಿ ಇಷ್ಟು ಮಾಡಿದೆವು" ಎಂದು ದಿನವೂ ಲೆಕ್ಕ ಒಪ್ಪಿಸಿದರೆ ತ್ಯಾಗವು ಸಾಲವಾಗುತ್ತದೆ. ಸಾಲದ ಹೊರೆ ಹೊತ್ತ ಮಗು ಹಾಡಲಾರದು, ಆಡಲಾರದು. ಅಂಬಾಬಾಯಿಯವರ ತ್ಯಾಗ ಇಂದಿಗೂ ನಮಗೆ ತಿಳಿದಿರುವುದು ಮಗಳು ಅದನ್ನು ಮರೆಯದೆ ಇದ್ದುದರಿಂದ. ತನ್ನ ತಾಯಿ ದೊಡ್ಡ ಗಾಯಕಿಯಾಗಿದ್ದಳು, ನನಗಾಗಿ ಹಾಡು ಬಿಟ್ಟಳು ಎಂದು ದೇಶವೆಲ್ಲ ಮನ್ನಿಸಿದ ಮೇಲೂ ಗಂಗೂಬಾಯಿಯವರು ಹೇಳುತ್ತ ಬಂದರು. ತಾಯ್ತಂದೆಗಳನ್ನು ಮೀರಿ ಬೆಳೆದ ಮಕ್ಕಳು ಹೇಗಿರಬೇಕೆಂಬುದಕ್ಕೂ ಇದರಲ್ಲಿ ಪಾಠವಿದೆ. ಆದರೆ ಆ ಪಾಠವನ್ನು ಮಕ್ಕಳೇ ಓದಿಕೊಳ್ಳಲಿ. ನಾವು ನಮ್ಮ ಪಾಲಿನದನ್ನು ನೋಡಿಕೊಂಡರೆ ಸಾಕು.